ಭಾನುವಾರದ ಅಳಿಯ

ಬಟ್ಟೆ ಅಂಗಡೀಲಿ ಕೆಲಸಕ್ಕಿದ್ದೋರನ್ನ ನಗು ಬರಿಸೋ ಪ್ರಸಂಗಗಳು ತಾವಾಗೇ ಹುಡುಕ್ಕೊಂಡು ಬರುತ್ವೆ. ಅದರಲ್ಲೂ ಅಂಗಡಿಗೆ ರಜ ಇರೋ ದಿನ ತಪ್ಪದೆ ಬರುತ್ವೆ. ಎಂಬತ್ತರ ದಶಕದ ಕೊನೇಲಿ ನಾನು ಕೊಳ್ಳೇಗಾಲದ ಒಂದು ಅಂಗಡೀಲಿ ಸೀರೆ ಮಡಿಕೆ ಬಿಚ್ಚಿ ತೋರ್ಸಿ, ಗಿರಾಕಿ ಬೇಡ ಅಂದ್ಮೇಲೆ ಮತ್ತೆ ಮಡಿಸಿಡೋ ಕೆಲಸದಲ್ಲಿದ್ದೆ. ಭಾನುವಾರ ಅಂಗಡಿ ತೆಗೀಬಾರ್ದು, ಕೆಲಸದೋರಿಗೆ ರಜ ಕೊಡ್ಬೇಕು ಅಂತ ಲೇಬರ್ ಇನ್ಸ್‌ಪೆಕ್ಟರು ಬಂದು ಹೇಳಿಹೋದ್ರು. ನನಗೆ ಖುಷಿಯೋ ಖುಷಿ. ಯಾಕಂದ್ರೆ ಯಳಂದೂರಲ್ಲಿ ಒಂದು ಹೆಣ್ಣು ನೋಡೋಕೆ ಹೋಗ್ಬೇಕಿತ್ತು, ಅವರು ಭಾನುವಾರವೇ ಬನ್ನಿ ಅಂದಿದ್ರು. ಆದ್ರೆ ರಜ ಕೊಟ್ಟಿದ್ದು ಕಾನೂನು, ನಮ್ಮ ಯಜಮಾನ್ರಲ್ಲ.

ಬೋರ್ಡು

ರಜದ ಬೋರ್ಡು ತಗಲಿಹಾಕ್ಬೇಕಿತ್ತು. ಪೇಂಟರು "ಭಾನುವಾರ ಅಂಗಡಿ ಮುಚ್ಚಿರುತ್ತದೆ" ಅಂತ ಸೀಮೆಸುಣ್ಣದಲ್ಲಿ ಗುರುತು ಹಾಕ್ಕೊಂಡ. ಯಜಮಾನ್ರು ಹೌಹಾರಿದ್ರು.

"ಲೇ, ಯಾರ್ಲಾ ಇಂಗ್ ಬರ್ಸಿದ್ದು? ಎದ್ರುಗಡೆ ಅಂಗ್ಡಿಯವ್ನಾ? ಅಂಗ್ಡೀನ ಮುಚ್ಚೋದು ಅಂತಾರೇನ್ಲಾ? ಬಾಗ್ಲು ಆಕೋದು ಅನ್ಬೇಕು ಕಣ್ಲಾ."

ಸರಿ, "ಭಾನುವಾರ ಬಾಗಿಲು ಹಾಕಿದೆ" ಅಂತ ಬರೆಸಿದ್ವಿ. ಮೊದಲನೇ ಭಾನುವಾರವೇ ಬಂಡಳ್ಳಿಯಿಂದ ಮದುವೆ ಜವಳಿಗೆ ಬಂದ ಗುಂಪೊಂದು ದಬದಬ ಬಡೀತು. ಯಜಮಾನ್ರ ಮನೆ ಅಂಗಡಿ ಮೇಲೇ ಇತ್ತು. ಮಹಡಿ ಕಿಟಕೀಲಿ ತಲೆ ಹಾಕಿ, "ಬೋರ್ಡ್ ಓದ್ಲಿಲ್ವೇನವ್ವ?" ಅಂದ್ರು.

ಗುಂಪಿನ ದೊಡ್ಡಮ್ಮ ಒಬ್ಬರು ಸೊಂಟದ ಮೇಲೆ ಕೈಯಿಟ್ಟು, "ಓದುದ್ವಿ ಕಣಣ್ಣ. ಬಾಗ್ಲು ಆಕಿದೆ ಅಂತ ಬರ್ದಿದ್ದೀರಿ. ಬೀಗ ಆಕಿದೆ ಅಂತ ಬರ್ದಿಲ್ವಲ್ಲ!" ಅಂದ್ರು.

ಯಜಮಾನ್ರಿಗೆ ಆ ಮಾತು ನ್ಯಾಯ ಅನ್ನಿಸ್ತು. ಅವತ್ತಿಂದ ಭಾನುವಾರ ಮುಂದಿನ ಶಟರ್ ಇಳಿಸಿ, ಪಕ್ಕದ ಓಣಿ ಬಾಗಿಲಲ್ಲಿ ವ್ಯಾಪಾರ. ಕಾನೂನೂ ಉಳೀತು, ಗಿರಾಕೀನೂ ಉಳಿದ್ರು. ಉಳೀದೇ ಹೋಗಿದ್ದು ನನ್ನ ರಜ ಒಂದೇ.

ಇನ್ಸ್‌ಪೆಕ್ಟರಿಗೂ ರಜ

ಓಣಿ ಬಾಗಿಲು ಬಡಿದೋರನ್ನೆಲ್ಲ ಯಜಮಾನ್ರು ಅನುಮಾನದಿಂದ್ಲೇ ನೋಡೋರು. ರೇಟು ಕೇಳಿದ್ರೆ ಗಿರಾಕಿ. ಕೇಳದಿದ್ರೆ ಲೇಬರ್ ಆಫೀಸಿನೋನು. ಹಂಗಿರುವಾಗ ಒಂದು ಭಾನುವಾರ ಸಾಕ್ಷಾತ್ ಇನ್ಸ್‌ಪೆಕ್ಟರೇ ಹೆಂಡ್ತಿ ಜೊತೆ ಬಂದು ನಿಂತಿದ್ರು.

"ಒಂದು ರೇಷ್ಮೆ ಸೀರೆ ಬೇಕಿತ್ತು."

"ಇವತ್ತು ವ್ಯಾಪಾರ ಇಲ್ಲ ಸಾ, ರಜ."

"ನಂಗೂ ಇವತ್ತೇ ಕಣ್ರೀ ರಜ! ಇನ್ಯಾವತ್ತು ಬರ್ಲಿ?"

ಇದು ಬಲೆ ಅಂತ ಯಜಮಾನ್ರಿಗೆ ಖಾತ್ರಿ. ಕೈ ಮುಗಿದ್ರೇ ಹೊರತು ಬಾಗಿಲು ಬಿಡ್ಲಿಲ್ಲ. ಆ ಅಮ್ಮ ಗಂಡನ ಕಡೆ ತಿರುಗಿ, "ಊರಿನ್ ಅಂಗಡೀನೆಲ್ಲ ನೀವೇ ಬಾಗ್ಲು ಹಾಕ್ಸಿ, ಈಗ ನನ್ನ ಬಿಸಿಲಲ್ಲಿ ಸುತ್ತಾಡ್ಸಿ" ಅಂದ್ರು. ಇನ್ಸ್‌ಪೆಕ್ಟರು ಆ ಬೈಗುಳಾನ ಬಡ್ಡಿ ಸೇರಿಸಿ ನಮಗೆ ದಾಟಿಸಿದ್ರು. ಭಾನುವಾರ ವ್ಯಾಪಾರ ಮಾಡ್ಲಿಲ್ಲ ಅಂತ ಲೇಬರ್ ಇನ್ಸ್‌ಪೆಕ್ಟರ ಕೈಲಿ ಬೈಸ್ಕೊಂಡ ಅಂಗಡಿ ತಾಲ್ಲೂಕಿಗೆಲ್ಲ ನಮ್ಮದೊಂದೇ.

ಮಗಳ ಗಂಡ

ಅಷ್ಟರಲ್ಲಿ ಯಳಂದೂರಿನೋರಿಗೂ ಅನುಮಾನ ಹತ್ತಿತ್ತು. ನಾನು ಎರಡು ಸಲ ಬರೋಕಾಗಲ್ಲ ಅಂತ ಹೇಳಿಕಳಿಸಿದ್ದೆ. "ಅಂಗ್ಡಿಗೇನೋ ಭಾನ್ವಾರ ರಜ. ಈ ಹೈದ ಭಾನ್ವಾರ ಎಲ್ಲಿಗ್ ಓದನು?" ಅಂತ ಹೆಣ್ಣಿನ ಅಪ್ಪ ಯಾರಿಗೂ ಹೇಳದೆ ಒಂದು ಭಾನುವಾರ ಬಸ್ ಹತ್ತಿ ಬಂದೇಬಿಟ್ರು. ಇದೆಲ್ಲ ನನಗೆ ಆಮೇಲೆ ಗೊತ್ತಾಗಿದ್ದು. ನಾನು ಅವರ ಮುಖ ಕಂಡೋನಲ್ಲ.

ಅದೇ ವಾರ ಹಳೇ ಇನ್ಸ್‌ಪೆಕ್ಟರಿಗೆ ವರ್ಗ ಆಗಿ ಹೊಸಬರು ಬಂದವ್ರೆ ಅಂತ ಸುದ್ದಿ ಬೇರೆ ಇತ್ತು. ಓಣಿ ಬಾಗಿಲಲ್ಲಿ ಬಿಳೀ ಷರ್ಟು, ಕಂಕುಳಲ್ಲಿ ಬ್ಯಾಗು. ಬಂದೋರು ಬಟ್ಟೆ ಮುಟ್ಟಲಿಲ್ಲ, ರೇಟು ಕೇಳಲಿಲ್ಲ. ನನ್ನನ್ನೇ ಮೇಲಿಂದ ಕೆಳಗೆ ನೋಡಿ, "ಈ ಹೈದ ಇಲ್ಲಿ ಕೆಲ್ಸಕ್ಕವ್ನಾ? ಭಾನ್ವಾರನೂ ಬತ್ತನಾ?" ಅಂದ್ರು.

ಮನೆಯೋರೇ ಅಂಗಡೀಲಿ ಕೂತ್ರೆ ಕಾನೂನು ಕೇಳೋದಿಲ್ಲ ಅಂತ ಯಾರೋ ಯಜಮಾನ್ರ ಕಿವಿಗೆ ಹಾಕಿದ್ರು.

"ಕೆಲ್ಸದವ್ನಾ? ಎಲ್ಲಾರ ಉಂಟಾ ಸಾ! ನಮ್ ಅಳಿಯ. ಮಗಳ ಗಂಡ."

"ಓಹೋ. ಮಕ್ಳು?"

"ಎಲ್ಡು ಸಾ."

ಉಂಡ ಮನೆ ನಿಯತ್ತು ಅಂತ ನನಗೂ ಒಂದಿದೆಯಲ್ಲ. "ಚಿಕ್ಕದಕ್ಕೆ ಯಾಕೋ ಜ್ವರ ಬಿಟ್ಟಿಲ್ಲ, ಅಲ್ವಾ ಮಾವ?" ಅಂದೆ.

ಬಂದೋರು ಬ್ಯಾಗನ್ನ ಇನ್ನೂ ಬಿಗಿಯಾಗಿ ಅವುಚ್ಕೊಂಡು ಹೊರಟುಹೋದ್ರು. ಯಜಮಾನ್ರು ನನ್ನ ಬೆನ್ನು ತಟ್ಟಿ ಕಾಫಿ ತರಿಸಿಕೊಟ್ರು.

ಮಾರನೇ ದಿನ ಹನೂರಿಂದ ನನ್ನ ಸೋದರಮಾವ ಏದುಸಿರು ಬಿಡ್ತಾ ಬಂದ್ರು. ಸಂಬಂಧ ತಂದಿದ್ದು ಅವರೇ. "ಲೇ, ಯಾವಾಗ್ಲಾ ಮದ್ವೆ ಆದೆ? ಎಲ್ಡು ಮಕ್ಳಂತೆ, ಒಂದುಕ್ಕೆ ಜ್ವರ ಬ್ಯಾರೆ ಅಂತೆ! ನಿಮ್ಮವ್ವಂಗಾರ ಒಂದ್ ಮಾತ್ ಏಳ್ಬಾರ್ದಾಗಿತ್ತಾ?"

ನಾನು ಯಜಮಾನ್ರ ಮುಖ ನೋಡಿದೆ. ಅವರಿಗಿದ್ದಿದ್ದು ಮೂರೂ ಗಂಡು ಮಕ್ಕಳು.

ಮುಂದಿನ ಭಾನುವಾರ ಅಂಗಡಿಗೆ ನಿಜವಾದ ರಜ. ಸಾಕ್ಷಿ ಹೇಳೋಕೆ ಯಜಮಾನ್ರೇ ನಮ್ಮ ಜೊತೆ ಯಳಂದೂರಿಗೆ ಬಂದ್ರು. ಹೆಣ್ಣಿನ ಅಪ್ಪ ಅವರನ್ನ ಜಗಲಿ ಮೇಲೆ ಕೂರಿಸಿ, "ಓದ್ವಾರ ಅಳಿಯ ಅಂದ್ರಿ. ಈವಾಗ ಕೆಲ್ಸದವ್ನು ಅಂತೀರಿ. ದಿಟ ಯಾವ್ದು ಸ್ವಾಮಿ?" ಅಂದ್ರು.

ಯಜಮಾನ್ರು ಬೀದಿ ಕಡೆ ನೋಡಿದ್ರು. ಸುತ್ತ ಕೂತಿದ್ದ ನೆಂಟರ ಮುಖ ಒಂದೊಂದಾಗಿ ನೋಡಿದ್ರು. ಆಮೇಲೆ ಮುಂದಕ್ಕೆ ಬಗ್ಗಿ, ದನಿ ತಗ್ಗಿಸಿ, "ಏಳ್ತೀನಿ. ಮೊದ್ಲು ನೀವ್ ಏಳಿ, ಇವ್ರಲ್ಲಿ ಲೇಬರ್ ಆಪೀಸ್ನೋರು ಯಾರೂ ಇಲ್ಲ ತಾನೆ?" ಅಂದ್ರು.

ಒಳಗೆ ಅಡುಗೆಮನೇಲಿ ಯಾರೋ ಕಿಸಕ್ಕಂತ ನಕ್ಕಿದ್ದು ಕೇಳಿಸ್ತು. ನಮ್ಮನೆಯವಳ ದನಿ ನಾನು ಮೊದಲು ಕೇಳಿದ್ದು ಅವತ್ತೇ.