ಮಾಮಾ ಕಲಿತ ಒಂದೇ ಹೀಬ್ರೂ ಶಬ್ದ

ನಮ್ಮ ಸೋದರಮಾವನಿಗೆ ಹೀಬ್ರೂ ಬರುತ್ತದೆ. ನಗಬೇಡಿ! ಬರುವುದು ಒಂದೇ ಶಬ್ದ, ನಿಜ. ಆದರೆ ಆ ಒಂದರಿಂದಲೇ ಅವರು ಇಡೀ ಬಂಧುಬಳಗವನ್ನು ಹಣ್ಣುಗಾಯಿ ನೀರುಗಾಯಿ ಮಾಡಿದ್ದಾರೆ.

ಧಾರವಾಡದಿಂದ ಬಂದು ಯೆರವಡಾದಲ್ಲಿ ನೆಲೆಸಿದ ಕ್ರೈಸ್ತ ಮನೆತನ ನಮ್ಮದು. ತಳೇಗಾಂವದ ಕಾರ್ಖಾನೆಯಿಂದ ನಿವೃತ್ತರಾದ ಮೇಲೆ ಮಾಮಾ ಚರ್ಚಿನ ಬೈಬಲ್ ತರಗತಿಗೆ ಸೇರಿದರು. ಮೊದಲ ದಿನವೇ ಪಾದ್ರಿಗಳು ‘ಕಿಲ್ಕೆಲ್’ ಎಂಬ ಶಬ್ದ ಹೇಳಿಕೊಟ್ಟರು. ಅನ್ನವಿಟ್ಟು ಸಾಕುವುದು, ಬೀಳದಂತೆ ಆಧಾರ ಕೊಡುವುದು ಎಂದು ಅರ್ಥ. ಬೈಬಲಿನ ಕಥೆಯೊಂದರಲ್ಲಿ ಬರಗಾಲ ಬಂದಾಗ ಒಬ್ಬ ಮಗ ತನ್ನ ಅಪ್ಪ, ಅಣ್ಣತಮ್ಮಂದಿರ ಸಂಸಾರವನ್ನೆಲ್ಲ ಹಾಗೆ ಸಾಕಿದನಂತೆ, ಅದೂ ಮಕ್ಕಳ ಬಾಯಿಯ ಅಳತೆಗೆ ತಕ್ಕಂತೆ. ಉಳಿದವರೆಲ್ಲ ಎರಡನೆಯ ಶಬ್ದಕ್ಕೆ ಹೋದರು. ಮಾಮಾ ಅಡುಗೆಮನೆಗೆ ಹೋದರು!

“ತುಂಬಸೂದಲ್ಲ, ಸಾಕೂದು! ಬಾಯಿ ನೋಡಿ ಬಡಿಸಬೇಕು” ಎಂದು ಮಾಮಿಯ ಕೈಯಿಂದ ಸೌಟು ಕಸಿದುಕೊಂಡರು.

ಆ ಭಾನುವಾರವೇ ಬೆಳಗಾವಿಯ ಬೀಗರು, ಅಂದರೆ ಅವರ ಮಗಳ ಮಾವ, ಊಟಕ್ಕೆ ಬಂದಿದ್ದರು. ಆಳು ಆನೆಯಂಥವರು. ಅವರ ತಾಟಿಗೆ ಮಾಮಾ ಬಡಿಸಿದ್ದೇನು ಗೊತ್ತೇ? ಕಾಲು ರೊಟ್ಟಿ! ನಮ್ಮ ಕಡೆ ಬೀಗರಿಗೆ ಕಾಲು ರೊಟ್ಟಿ ಹಾಕುವುದೂ ಒಂದೇ, ಸಂಬಂಧ ಮುರಿಯುವುದೂ ಒಂದೇ. ಬೀಗರ ಮುಖ ಕೆಂಪಾಯಿತು.

“ಸಿಟ್ಟಾಗಬ್ಯಾಡ್ರಿ. ಇದು ಮುಗೀಲಿ, ಮತ್ತ ಬರ್ತೀನಿ” ಎಂದರು ಮಾಮಾ.

ಬಂದರು. ಮತ್ತೆ ಬಂದರು. ಬರುತ್ತಲೇ ಇದ್ದರು! ಕೊನೆಗೆ ಬೀಗರು ಗೋಡೆ ಹಿಡಿದು ಏಳಬೇಕಾಯಿತು. ಪ್ರತಿ ಪಲ್ಯಕ್ಕೂ ಹೊಸ ಬಟ್ಟಲು ಬಳಸಿದ್ದರಿಂದ ಪಾತ್ರೆ ತೊಳೆಯುವ ಮೋರಿಯ ತುಂಬ ಎಂಜಲು ಬಟ್ಟಲುಗಳ ಗುಡ್ಡ.

“ರೀ, ನಿಮ್ಮ ಹೀಬ್ರೂದಾಗ ಪಾತ್ರಿ ತಿಕ್ಕೂದಕ್ಕ ಶಬ್ದ ಇಲ್ಲೇನ್ರಿ?” ಎಂದರು ಮಾಮಿ.

“ಅದು ಮುಂದಿನ ಪಾಠದಾಗ ಬರ್ತದ” ಎಂದು ಮಾಮಾ ಜಾರಿಕೊಂಡರು. ಮುಂದಿನ ಪಾಠಕ್ಕೆ ಅವರು ಹೋಗಲೇ ಇಲ್ಲ ಬಿಡಿ.

ಕಳೆದ ಮಳೆಗಾಲದಲ್ಲಿ ಮಾಮಿಗೆ ಪಾರ್ಶ್ವವಾಯು ಹೊಡೆಯಿತು. ಮಾತು ನಿಂತಿತು, ಆಸ್ಪತ್ರೆಗೆ ಸೇರಿಸಿದೆವು. ಸ್ವಲ್ಪ ಸುಧಾರಿಸಿದ ಮೇಲೆ ಗಂಜಿ ಕೊಡಬಹುದೆಂದು ಡಾಕ್ಟರು ಹೇಳಿದರೂ ಮಾಮಿ ಬಾಯಿ ಬಿಗಿಹಿಡಿದರು. ಮಗಳು ಅತ್ತಳು, ನಾನು ಬೈದೆ, ಊಹೂಂ! ಹೀಗೇ ಆದರೆ ಮೂಗಿನಿಂದ ನಳಿಗೆ ಹಾಕಬೇಕಾಗುತ್ತದೆ ಎಂದರು ಡಾಕ್ಟರು.

ಮಾಮಾ ನಮ್ಮನ್ನೆಲ್ಲ ಸರಿಸಿ ಚಮಚ ಹಿಡಿದು ಕೂತರು. ಚಮಚದ ತುದಿಯಲ್ಲಿ ಇಷ್ಟೇ ಇಷ್ಟು ಗಂಜಿ. ತಾವೇ ಮೊದಲು ಕೂಸಿನ ಹಾಗೆ “ಆ” ಎಂದು ಬಾಯಿ ತೆರೆದರು. ಮಾಮಿ ದುರುಗುಟ್ಟಿ ನೋಡಿದರು. ಮಾಮಾ ಕಾದರು. ತುಟಿ ಬಿಚ್ಚಿತು. ಒಂದು ತುತ್ತು ಗಂಟಲಿಳಿಯುವವರೆಗೂ ಇನ್ನೊಂದನ್ನು ಎತ್ತಲಿಲ್ಲ. ನಾನಾಗಿದ್ದರೆ ಅಷ್ಟು ಹೊತ್ತಿಗೆ ಚಮಚ ಎಸೆದಿರುತ್ತಿದ್ದೆ!

“ಆಜೋಬಾ, ಅಜೂನ್ ಕಿತೀ ವೇಳ್?” ಇನ್ನೂ ಎಷ್ಟು ಹೊತ್ತು ಅಜ್ಜಾ ಎಂದು ನರ್ಸ್ ಮರಾಠಿಯಲ್ಲಿ ಅವಸರಿಸಿದಳು.

“ತಿಚಂ ತೋಂಡ್ ಸಾಂಗೇಲ್” ಎಂದರು ಮಾಮಾ. ಅವಳ ಬಾಯಿಯೇ ಹೇಳುತ್ತದೆ.

ಬಟ್ಟಲು ಖಾಲಿಯಾಯಿತು. ನಳಿಗೆಯ ಮಾತು ಅಲ್ಲಿಗೇ ನಿಂತಿತು. ಮಾಮಿ ಆ ಖಾಲಿ ಬಟ್ಟಲನ್ನು ನೋಡಿದರು, ಗಂಡನನ್ನು ನೋಡಿದರು. ನಾಲಿಗೆ ತೊಡರಿಸುತ್ತ, ಎಷ್ಟೋ ದಿನದ ಮೇಲೆ ಮೊದಲ ಮಾತಾಡಿದರು:

“ಪಾತ್ರಿ... ಯಾರ... ತಿಕ್ಕತಾರ?”

“ನಾನs! ನಾನs ತಿಕ್ಕತೀನಿ!” ಎನ್ನುತ್ತ ಮಾಮಾ ಬಟ್ಟಲು ಎದೆಗವಚಿಕೊಂಡು ನಲ್ಲಿಯ ಕಡೆ ಓಡಿದರು. ತೊಳೆದು ಬರಲು ಬಹಳ ಹೊತ್ತು ಹಿಡಿಯಿತು. ಬಂದಾಗ ಬಟ್ಟಲು ಒಣಗಿತ್ತು, ಮುಖವೆಲ್ಲ ಒದ್ದೆಯಾಗಿತ್ತು.