ಕೇಳಿಸ್ತಾ ಇದೆ ಸಾರ್

ಗೋದಾಮಿನ ಗುಮಾಸ್ತರ ಕೆಲಸ ಒಂದು ಹಳೇ ಸ್ಪೀಕರಿನಿಂದಾಗಿ ಹೋಗುವುದರಲ್ಲಿತ್ತು. ಕಳೆದ ವಾರ ಕಂಪ್ಯೂಟರಿನಲ್ಲಿ ನಡೆದ ಮೀಟಿಂಗಿನಲ್ಲಿ ಸಾಹೇಬರು ಏನೋ ಕೇಳಿದರು. ಸ್ಪೀಕರು ಬರೀ ಗೊರಗೊರ ಎಂದಿತು. ಇವರು ಅಂದಾಜಿನ ಮೇಲೆ "ಧಾರಾಳವಾಗಿ ಸಾರ್" ಎಂದುಬಿಟ್ಟರು. ಸಾಹೇಬರು ಕೇಳಿದ್ದು, "ನಿಮ್ಮನ್ನ ತೆಗೆದುಹಾಕಿದ್ರೂ ಗೋದಾಮು ನಡೆಯುತ್ತೇನ್ರೀ?" ಎಂದು.

"ಇನ್ನೊಂದ್ ಸಲ ಹೀಗಾದ್ರೆ ನಡೆಸಿಯೇ ನೋಡ್ತೀನಿ," ಎಂದು ಸಾಹೇಬರು ಎಚ್ಚರಿಸಿದ್ದರು. ಈ ದಿನ ಸಂಜೆ ಮತ್ತೆ ಮೀಟಿಂಗ್.

ಹೆಂಡತಿ ಮನೆಖರ್ಚಿನಲ್ಲಿ ಉಳಿಸಿದ್ದನ್ನು ಕೈಗಿಟ್ಟು, "ಇಷ್ಟರಲ್ಲೇ ಒಳ್ಳೇದು ತನ್ನಿ. ಹಾಡು ಕೇಳಿ ಮರುಳಾಗ್ಬೇಡಿ. ಯಾರಾದ್ರೂ ಮಾತಾಡೋದನ್ನ ಹಾಕಿಸಿ ನೋಡಿ," ಎಂದಳು.

ಮೆಟ್ಟಿಲಲ್ಲೇ ಮೇಲಿನ ಮನೆಯ ಡ್ರಿಲ್ ಮೇಷ್ಟ್ರು ಅಡ್ಡ ಬಂದು ಎಲ್ಲಿಗೆಂದು ವಿಚಾರಿಸಿದರು. ನಿವೃತ್ತರಾದ ಮೇಲೆ ಕಂಡವರ ಉಸಾಬರಿಯೇ ಅವರ ಉದ್ಯೋಗ.

"ಸ್ಪೀಕರಾ? ತೂಕ ನೋಡ್ಬೇಕು ಕಣ್ರೀ. ಎತ್ತಿದ್ರೆ ಸೊಂಟ ಹಿಡ್ಕೋಬೇಕು. ನಡೀರಿ, ನಾನೂ ಬರ್ತೀನಿ."

ಅಂಗಡಿಯಲ್ಲಿ ಮೇಷ್ಟ್ರು ಒಂದೊಂದನ್ನೂ ಎತ್ತಿ ತೂಗಿ, ಅಕ್ಕಿ ಡಬ್ಬದಂಥದ್ದೊಂದನ್ನು ಆರಿಸಿದರು. ಅಂಗಡಿಯವನು ಹಾಡು ಹಾಕಿದ. ಕಪಾಟಿನ ಗಾಜು ನಡುಗಿತು. ಗೋಡೆ ಗಡಿಯಾರ ಕಳಚಿ ಮೇಷ್ಟ್ರ ಕಾಲ ಮೇಲೆ ಬಿತ್ತು.

"ಇದಪ್ಪಾ ಸ್ಪೀಕರು ಅಂದ್ರೆ," ಎಂದರು ಮೇಷ್ಟ್ರು ಕಾಲು ಉಜ್ಜಿಕೊಳ್ಳುತ್ತ.

"ಸ್ವಲ್ಪ ಮಾತು ಹಾಕಿ," ಎಂದರು ಗುಮಾಸ್ತರು. ವಾರ್ತೆ ಓದುವವಳ ದನಿ ಬಾವಿಯೊಳಗಿಂದ ಬಂದಂತೆ ಬಂತು. ಮೂಲೆಯಲ್ಲಿದ್ದ ಪುಟ್ಟ ಜೋಡಿ ಸ್ಪೀಕರಿನಲ್ಲಿ ಅದೇ ದನಿ ಪಕ್ಕದಲ್ಲಿ ಕೂತು ಹೇಳಿದ ಹಾಗಿತ್ತು. ಬೆಲೆಯೂ ಹೆಂಡತಿ ಕೊಟ್ಟಿದ್ದರೊಳಗೇ ಇತ್ತು. ಗುಮಾಸ್ತರು ಅದನ್ನೇ ಕೊಂಡರು. ಮೇಷ್ಟ್ರು ಮುನಿಸಿಕೊಂಡು, ಕುಂಟುತ್ತ ಒಬ್ಬರೇ ಹೊರಟುಹೋದರು. ಗುಮಾಸ್ತರಿಗೆ ಅದೂ ಒಂದು ನೆಮ್ಮದಿಯೇ ಆಯಿತು.

ಸಂಜೆ ಸಾಹೇಬರು ಗಂಟಲು ಸರಿಮಾಡಿಕೊಂಡಿದ್ದೂ ಸ್ಪಷ್ಟವಾಗಿ ಕೇಳಿಸಿತು. ಗುಮಾಸ್ತರಿಗೆ ಹೋದ ಜೀವ ಬಂದಂತಾಯಿತು.

"ಇನ್ಮೇಲೆ ಭಾನುವಾರಾನೂ ಯಾರಾದ್ರೂ ಒಬ್ರು ಗೋದಾಮಿಗೆ ಬರ್ಬೇಕು. ಎಲ್ರಿಗೂ ಕೇಳಿಸ್ತಾ?"

"ಸಾರ್, ದನಿ ಒಡೀತಿದೆ," ಎಂದರು ಕ್ಯಾಷಿಯರು.

"ಏನೂ ತಿಳೀತಿಲ್ಲ ಸಾರ್," ಎಂದರು ಟೈಪಿಸ್ಟ್.

"ನಂಗೆ ಒಂದೊಂದು ಅಕ್ಷರಾನೂ ಕೇಳಿಸ್ತಾ ಇದೆ ಸಾರ್," ಎಂದರು ಗುಮಾಸ್ತರು ಹೆಮ್ಮೆಯಿಂದ.

"ಭೇಷ್. ನಿಮ್ಮ ಕೆಲಸಕ್ಕೇನೂ ಭಯವಿಲ್ಲ ಬಿಡಿ. ಭಾನುವಾರ ನೀವೇ ಬನ್ನಿ."

ಮೀಟಿಂಗ್ ಮುಗಿದದ್ದೇ ತಡ, ಕ್ಯಾಷಿಯರು ಫೋನು ಮಾಡಿದರು.

"ಏನ್ರೀ, ಹೊಸ ಸ್ಪೀಕರಾ?"

"ಹೂಂ, ಪುಟ್ಟ ಜೋಡಿ. ನೀವೂ ತಗೊಳ್ಳಿ, ಅಗ್ಗಕ್ಕೆ ಚೆನ್ನಾಗಿದೆ."

"ನಂದೂ ಅದೇ ಕಣ್ರೀ," ಎಂದರು ಕ್ಯಾಷಿಯರು. "ತಗೊಂಡು ವರ್ಷ ಆಯ್ತು."