ಡೇಟಾಕ್ಕೊಂದು ದಿಕ್ಕು

ಮಲೇಷ್ಯಾದ ಅಕ್ಕಿ ವ್ಯಾಪಾರಿ ಕೇಳಿದ್ದು ಒಂದೇ ಪ್ರಶ್ನೆ. ನಮಗೆ ಕಳಿಸುವ ಅಕ್ಕಿಯ ತೂಕ, ತೇವ, ಚೀಲದ ನಂಬರು ಇವನ್ನೆಲ್ಲ ಯಾವ ಡೇಟಾ ಸೆಂಟರಿನಲ್ಲಿ ಇಡುತ್ತೀರಿ, ಯಾವ ನೆಟ್‌ವರ್ಕಿನಲ್ಲಿ ತೋರಿಸುತ್ತೀರಿ? ಸಿಂಧನೂರಿನಿಂದ ಗೊರೇಬಾಳಕ್ಕೆ ಹೋಗುವ ದಾರಿಯ ರೈಸ್‌ಮಿಲ್ಲಿನ ಸಾವ್ಕಾರ ದುರುಗಪ್ಪ ಆ ಪ್ರಶ್ನೆಯನ್ನು ಕ್ಲರ್ಕ್ ಯಶೋಧರಾಳ ಟೇಬಲ್ಲಿಗೆ ಎಸೆದು, "ನೀನ ಆರಿಸವ್ವಾ. ಚಲೋ ಮಾಡಿದ್ರ ಹಿಂದಿನ ಖೋಲಿ ನಿನಗ," ಅಂದಿದ್ದ.

ಖೋಲಿ! ನಲವತ್ಮೂರು ವರ್ಷದ ಬಾಳಿನಲ್ಲಿ ತನ್ನದೆಂದು ಮುಚ್ಚಿಕೊಳ್ಳಬಹುದಾದ ಒಂದು ಬಾಗಿಲನ್ನು ಅವಳು ಕಂಡವಳಲ್ಲ. ಮನೆಯಲ್ಲಿ ಅತ್ತೆ, ಮೈದುನ, ಮಕ್ಕಳು. ಮಿಲ್ಲಿನಲ್ಲಿ ತೂಕದ ಕಟ್ಟೆಯ ಪಕ್ಕ ತೌಡಿನ ಧೂಳು ಹೊದ್ದ ಟೇಬಲ್ಲು. ಅಳಬೇಕೆನಿಸಿದರೆ ಬಚ್ಚಲಿಗೆ ಹೋಗಬೇಕು; ಅಲ್ಲೂ ಯಾರಾದರೂ ಬಂದು ಬಾಗಿಲು ಬಡಿಯುತ್ತಾರೆ.

ಮೂರು ವಾರ ಓದಿ, ಕಂಡಕಂಡವರಿಗೆ ಫೋನು ಮಾಡಿ, ಹದಿನಾರು ಪುಟ ಬರೆದು ವ್ಯಾಪಾರಿಗೂ ಒಂದು ಪ್ರತಿ ಕಳಿಸಿದಳು. ಡೇಟಾ ಚೆನ್ನೈಯಲ್ಲಿ, ಮಲೇಷ್ಯಾದ ಕಡೆ ಹೋಗುವ ಸಮುದ್ರದ ಕೇಬಲ್ಲಿಗೆ ಅದೇ ಹತ್ತಿರ. ಮಿಲ್ಲಿಗೆ ಎರಡು ಕಂಪನಿಯ ಲೈನು, ಒಂದು ರಸ್ತೆಗುಂಟ, ಒಂದು ಕಾಲುವೆಗುಂಟ. ಒಂದನ್ನು ಜೆಸಿಬಿ ಹರಿದರೂ ಇನ್ನೊಂದು ಉಳಿಯಬೇಕಲ್ಲ.

ವ್ಯಾಪಾರಿ ಫೋನು ಮಾಡುವ ದಿನ ಬಂತು. ಬೆಳಿಗ್ಗೆಯೇ ತೂಕದ ಕಟ್ಟೆಯ ಲಾಲ್‌ಸಾಬ್ ಬಂದು ನಿಂತ.

"ಎರಡು ಲೈನ್ ಯಾಕ್ರೀ ಅಕ್ಕಾರ? ನನ್ನ ಸಿಮ್ ನೋಡ್ರಿ, ಮಸ್ಕಿ ಗುಡ್ಡದ ಮ್ಯಾಲೂ ನೆಟ್‌ವರ್ಕ್ ಹತ್ತತೈತಿ."

"ಮಿಲ್ಲು ಗುಡ್ಡದ ಮ್ಯಾಲೆ ಇಲ್ಲಲ್ಲ ಲಾಲ್‌ಸಾಬ್."

"ಅದಕ್ಕ ಇಲ್ಲಿ ಹತ್ತಂಗಿಲ್ಲ ನೋಡ್ರಿ!"

ಅವನು ಹೋದರೆ ಗುಮಾಸ್ತ ಬಸ್ಸಪ್ಪ. ಮಿಲ್ಲಿನ ವಾಸ್ತು ಅವನ ಬಾಯಲ್ಲಿತ್ತು. ಅವನ ಮಾತಿಗೆ ಸಾವ್ಕಾರ ಮಿಲ್ಲಿನ ಗೇಟನ್ನು ಎರಡು ಸಲ ತಿರುಗಿಸಿದ್ದ. ಫೋನಿನಲ್ಲಿ ದಿಕ್ಸೂಚಿ ಹಿಡಿದು, "ತಂಗೀ, ಚೆನ್ನೈ ನಮಗ ಯಾವ ದಿಕ್ಕು?" ಅಂದ.

"ಆಗ್ನೇಯ."

"ಬೆಂಕಿ ಮೂಲಿ! ಡೇಟಾ ಒಯ್ದು ಒಲಿಯಾಗ ಇಡ್ತೀಯೇನು?"

ಸಾವ್ಕಾರ ಚಹಾದ ಕಪ್ಪು ಬಿಟ್ಟು ಓಡಿಬಂದ. ಭೂಪಟ ಹರವಿದರು. ಮುಂಬೈ ವಾಯವ್ಯ, ಗಾಳಿ ಮೂಲೆ, ಇಟ್ಟದ್ದು ನಿಲ್ಲುವುದಿಲ್ಲ. ಹೈದರಾಬಾದು ಈಶಾನ್ಯ, ದೇವಮೂಲೆ, ಭಾರ ಇಡಬಾರದು. ಸಿಂಗಪೂರವೋ, ಇನ್ನೂ ದೂರದ ಒಲೆ.

"ಡೇಟಾಕ್ಕ ಎಲ್ಲಿ ಭಾರ್ರೀ?" ಅಂದಳು ಯಶೋಧರಾ.

"ಆಸ್ತಿ ಅಂದ ಮ್ಯಾಲೆ ಭಾರ ಇದ್ದಽ ಇರತೈತಿ. ಆಸ್ತಿ ಇಡೋದು ನೈಋತ್ಯದಾಗ."

ಬಸ್ಸಪ್ಪನ ಬೆರಳು ನೈಋತ್ಯಕ್ಕೆ ಜಾರುತ್ತ ಹೋಗಿ ಸಮುದ್ರಕ್ಕೆ ಬಿತ್ತು. "ನೀರಾಗ ಇಡಾಕ ಬರತೈತೇನು?" ಸಾವ್ಕಾರ ನಿಜವಾಗಿಯೇ ಕೇಳಿದ. ಆಮೇಲೆ ತೊಡೆ ತಟ್ಟಿದ. "ಬ್ಯಾರೆ ಊರು ಯಾಕ ಬೇಕಲೇ? ನಮ್ಮ ಮಿಲ್ಲಿಗೆ ನೈಋತ್ಯ ಇಲ್ಲೇನು?"

ಯಶೋಧರಾ ಹದಿನಾರು ಪುಟವನ್ನೂ ಗುರಾಣಿಯಂತೆ ಎತ್ತಿದಳು. "ಯಂತ್ರಕ್ಕ ಧೂಳು ಬೀಳಬಾರದ್ರೀ."

"ಅಲ್ಲಿ ಬೀಳಂಗಿಲ್ಲ."

"ತಂಪಿರಬೇಕ್ರೀ."

"ಎಸಿ ಹಾಕಸ್ತೀನಿ."

"ಕರೆಂಟ್ ಹೋಗಬಾರದು. ಮಂದಿ ಅಡ್ಡಾಡಬಾರದು. ಗಟ್ಟಿ ಬಾಗಿಲ ಬೇಕು..."

ಅವಳು ಪುಟ ತಿರುವುತ್ತ ಹೇಳುತ್ತಲೇ ಹೋದಳು. ಸಾವ್ಕಾರನ ಮುಖ ಮಾತ್ರ ಅರಳುತ್ತಿತ್ತು. "ಅಂದ್ರ ನಮ್ಮ ಹಿಂದಿನ ಖೋಲೀನ! ನಮ್ಮಪ್ಪ ತ್ಯಾಗದ ಕಟಗಿ ಬಾಗಿಲ ಹಾಕಿಸಿದ್ದು ಇದಕ್ಕ ನೋಡು!"

ಹನ್ನೆರಡು ವರ್ಷ ಆ ಬಾಗಿಲನ್ನು ನೋಡಿದವಳು ಅದು ಯಾವ ದಿಕ್ಕಿಗಿದೆ ಎಂದು ಒಮ್ಮೆಯೂ ನೋಡಿರಲಿಲ್ಲ.

ಒಂದೇ ಆಸೆ ಉಳಿಯಿತು. ವ್ಯಾಪಾರಿ ಒಪ್ಪಲಾರ. ತೌಡಿನ ಗೋದಾಮಿನ ಹಿಂದೆ ಡೇಟಾ ಇಡುತ್ತೇವೆಂದರೆ ಯಾವ ದೇಶದವನು ಒಪ್ಪುತ್ತಾನೆ? ನಾಲ್ಕಕ್ಕೆ ಫೋನು ಬಂತು. ಅವಳು ಇಂಗ್ಲಿಷಿನಲ್ಲಿ ಎಲ್ಲವನ್ನೂ ಮುಚ್ಚುಮರೆಯಿಲ್ಲದೆ ಹೇಳಿದಳು. ಬೇಡ ಅನ್ನಲಿ ಎಂದು ಕಾದಳು.

ವ್ಯಾಪಾರಿ ಅವಳ ಹದಿನಾರು ಪುಟವನ್ನೂ ಓದಿದ್ದ. ಇಷ್ಟು ಕಾಳಜಿಯ ಮನುಷ್ಯರಿದ್ದರೆ ಎಲ್ಲಿಟ್ಟರೂ ಸರಿ, ಎರಡು ಲೈನು ಮಾತ್ರ ಬಿಡಬೇಡಿ ಅಂದ. ಇನ್ನೊಂದು ಷರತ್ತು: ಖೋಲಿಯ ಕೀಲಿ ಈ ಮೇಡಂ ಕೈಯಲ್ಲೇ ಇರಬೇಕು.

ಸಂಜೆಯೊಳಗೆ ಸಾವ್ಕಾರ ಕೀಲಿ ಕೊಟ್ಟ. ಬಸ್ಸಪ್ಪ ದಿಕ್ಕು ನೋಡಿ ಬಾಗಿಲ ಹೊರಗೆ ಒಂದು ಸ್ಟೂಲು ಹಾಕಿಸಿದ. "ಯಂತ್ರ ಬಂದ ಮ್ಯಾಲೆ ತಾಸಿಗೊಮ್ಮೆ ತಗದು ತಂಪು ನೋಡು ತಂಗೀ. ಒಳಗ ಕೂಡಬ್ಯಾಡ, ಮನಷ್ಯಾರ ಮೈ ಕಾವು ಯಂತ್ರಕ್ಕ ಆಗಂಗಿಲ್ಲ ಅಂತ ನೀನ ಬರದೀ."

ಯಶೋಧರಾ ಬಾಗಿಲು ಎಳೆದಳು. ತೇಗದ ಬಾಗಿಲು ಸದ್ದಿಲ್ಲದೆ ಮುಚ್ಚಿಕೊಂಡಿತು. ಇನ್ನು ಮೇಲೆ ಅದನ್ನು ಮುಚ್ಚುವ ಹಕ್ಕು ಈ ಲೋಕದಲ್ಲಿ ಅವಳೊಬ್ಬಳದೇ, ಹೊರಗಿನಿಂದ.